ಲೂಪಸ್ ಇರುವವರಿಗೆ ಜೊತೆಯಾಗುವುದು ಹೇಗೆ?

ಲೂಪಸ್ ಇರುವವರು ಎಷ್ಟೋ ಸಲ ನೋಡಲು ಚೆನ್ನಾಗಿಯೇ ಇರುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಮೆಟ್ಟುಗತ್ತಿ ಮುಂದೆ ಕೂತರೂ ಒಂದು ಅಡಿಕೆ ಸುಲಿಯಲು ಆಗುವುದಿಲ್ಲ. ಮನೆಯವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ ಇದು. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು. ನೀವು ಆಸ್ಪತ್ರೆಯ ಸಮಾಜ ಕಾರ್ಯಕರ್ತರಾಗಿರಿ, ಆಶಾ ಕಾರ್ಯಕರ್ತೆಯಾಗಿರಿ, ಸಂಘದ ಗೆಳತಿಯೇ ಆಗಿರಿ, ನೆರವನ್ನು ಹೀಗೆ ಶುರುಮಾಡಿ.

ಮೊದಲು ಕಾಯಿಲೆ ಇರುವಾಕೆಯ ಮನೆಗೆ ಹೋಗಿ. ಗಂಡ, ಅತ್ತೆ ಇಬ್ಬರೂ ಇರುವ ಹೊತ್ತು ನೋಡಿಕೊಳ್ಳಿ. ಇದು ಅಂಟುವ ಕಾಯಿಲೆ ಅಲ್ಲ ಎಂದು ಬಿಡಿಸಿ ಹೇಳಿ. ಬಿಸಿಲಿಗೆ ಕಾಯಿಲೆ ಕೆರಳಬಹುದು, ಹಾಗಾಗಿ ಅಂಗಳದಲ್ಲಿ ಅಡಿಕೆ ಹರಡುವ ಕೆಲಸ ಬೇರೆಯವರಿಗಿರಲಿ. ಈ ಮಾತು ಆಕೆಯೇ ಆಡಿದರೆ ನೆಪ ಅನ್ನಿಸುತ್ತದೆ. ಹೊರಗಿನವರು ಹೇಳಿದರೆ ಕಿವಿಗೆ ಹಾಕಿಕೊಳ್ಳುತ್ತಾರೆ. ಅರ್ಧ ನೆರವು ಇಲ್ಲೇ ಆಗಿಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಆಮೇಲೆ ಹಾಲಿನ ಲೆಕ್ಕ ಬರೆಯುವಂಥ ಒಂದು ಸಣ್ಣ ಪುಸ್ತಕ ಕೊಡಿ. 'ಮಂಗಳವಾರ, ಬೆರಳು ಬಿಗಿ, ಕಾಲು ಊತ, ಮೂತ್ರದಲ್ಲಿ ನೊರೆ.' ಇಷ್ಟು ಬರೆದರೆ ಸಾಕು. ನೊರೆ, ಊತ ಮೂತ್ರಪಿಂಡದ ತೊಂದರೆಯ ಸುಳಿವಾಗಿರಬಹುದು. ವೈದ್ಯರ ಎದುರು ಕೂತಾಗ ಇಂಥದ್ದೇ ಮರೆತುಹೋಗುತ್ತದೆ, ಅಲ್ವಾ? ಮಾತ್ರೆಗಳನ್ನೂ ನೋಡಿ. ಮುಖ ಊದಿತು ಅಂತ ಸ್ಟೀರಾಯ್ಡ್ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವುದು ಅಪಾಯ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುವವರು ಆಗಾಗ ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಇನ್ನು ದುಡ್ಡಿನ ವಿಷಯ. ಆಧಾರ್, ರೇಷನ್ ಕಾರ್ಡ್ ಹಿಡಿದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆಗೆ ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜ್ವರ ಬಂದರೆ ಮಾತ್ರೆ ನುಂಗಿ ಸುಮ್ನೆ ಮಲಗುವಂತಿಲ್ಲ. ಮಲೆನಾಡಿನಲ್ಲಿ ಮಂಗನ ಕಾಯಿಲೆ, ಡೆಂಗಿ ಭಯ ಇದ್ದೇ ಇದೆ, ಲೂಪಸ್‌ನ ಕೆಲವು ಮಾತ್ರೆಗಳಿಂದ ಸೋಂಕು ತಡೆಯುವ ಶಕ್ತಿಯೂ ತಗ್ಗಿರುತ್ತದೆ. ಅವತ್ತೇ ತೋರಿಸಿ, ಲೂಪಸ್ ಇದೆ ಎಂದು ಮೊದಲೇ ಹೇಳಿ. ಮಗು ಬೇಕೆನ್ನುವವರು ಮುಂಚೆಯೇ ವೈದ್ಯರನ್ನು ಕೇಳಬೇಕು. ಕೆಲವು ಮಾತ್ರೆ ಬದಲಿಸಬೇಕಾಗುತ್ತದೆ.

ಮನಸ್ಸು ಕುಗ್ಗಿದ ದಿನಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಆಕೆಗೆ ಮುಜುಗರವಾದರೆ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ.