ಹಳೇ ಡೀಸೆಲ್ ಇಂಡಿಕಾಗೆ ಪುಶ್ ಬಟನ್ ಸ್ಟಾರ್ಟ್: ನನ್ನ ಅನುಭವ

ನನ್ನ ಇಂಡಿಕಾ ವಿ2 ಈಗ ಬಟನ್‌ನಲ್ಲೇ ಸ್ಟಾರ್ಟ್ ಆಗುತ್ತಿದೆ. ಸಕಲೇಶಪುರದ ಡಿಸೆಂಬರ್ ಚಳಿಯಲ್ಲೂ ಒಂದೇ ಸೆಲ್ಫ್‌ಗೆ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಇರುವ ಡೀಸೆಲ್ ಗಾಡಿಗೆ ಇದು ಆಗಲ್ಲ ಅಂತ ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳೆಲ್ಲ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೆಟ್ರೋಲ್ ಕಾರಿಗೆ ಪುಶ್ ಬಟನ್ ಕಿಟ್ ಹಾಕೋದು ದೊಡ್ಡ ಮಾತಲ್ಲ. ಬ್ಯಾಟರಿ, ಎಸಿಸಿ (ಸ್ಟೀರಿಯೋ ಮುಂತಾದವಕ್ಕೆ ಹೋಗುವ ಲೈನ್), ಇಗ್ನಿಷನ್, ಸ್ಟಾರ್ಟರ್ ವೈರ್ ಸರಿಯಾಗಿ ಗುರುತಿಸಿದರೆ ಮುಗಿಯಿತು. ಚಿಪ್ ಕೀ (ಒಳಗಿನ ಚಿಪ್ ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗದಂಥ ಕೀ) ಇದ್ದರೆ ಅದರ ಗೋಳು ಬೇರೆ, ನನ್ನ ಗಾಡಿಗೆ ಅದಿಲ್ಲ. ಆದರೆ ಈ 1.4 ಲೀಟರ್‌ನದು ಹಳೇ ಐಡಿಐ ಎಂಜಿನ್, ಅಂದರೆ ಡೀಸೆಲ್ ಮೊದಲು ಪಕ್ಕದ ಸಣ್ಣ ಚೇಂಬರಿನಲ್ಲಿ ಉರಿಯುವಂಥದ್ದು. ಪ್ಲಗ್ ಬಿಸಿಯಾಗಿ ಡ್ಯಾಶ್‌ಬೋರ್ಡಿನ ಹೀಟರ್ ಲೈಟ್ ಆರುವ ತನಕ ಕಾಯಲೇಬೇಕು. ಕಿಟ್ ಕಾಯಲ್ಲ. ಬ್ರೇಕ್ ಒತ್ತಿ ಬಟನ್ ಒತ್ತಿದ ತಕ್ಷಣ ಸೆಲ್ಫ್ ಹೊಡೆಯುತ್ತದೆ.

ಮೊದಲು ತರಿಸಿದ್ದು 2,800 ರೂಪಾಯಿಯ ಕಿಟ್. ಅದು ದಂಡ. ಗಾಡಿ ಸುಮ್ನೆ ನಿಂತಿದ್ದಾಗಲೂ 150 ಮಿಲಿಆಂಪ್ ಎಳೆಯುತ್ತಿತ್ತು. ವಾರ ನಿಲ್ಲಿಸಿದರೆ ಬ್ಯಾಟರಿಯ 25 ಆಂಪ್ ಅವರ್ ಚಾರ್ಜ್ ಹೋಯಿತು ಅಂತಲೇ ಲೆಕ್ಕ. ಎರಡನೆಯದು 4,000ದ ಹತ್ತಿರ, ಎಳೆಯೋದು 25-30 ಮಿಲಿಆಂಪ್. ಕಿಟ್ ಕೊಂಡ ದಿನವೇ ಮೀಟರ್ ಹಾಕಿ ನೋಡಿ.

ಅದನ್ನು ಹಾಕಿದ ಮೇಲೆ ಇನ್ನೊಂದು ತಲೆನೋವು. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯಲ್ಲ. ಡೀಸೆಲ್ ಲೈನಿನ ಏರ್ ತೆಗೆದೆ, ಫಿಲ್ಟರ್ ಬದಲಿಸಿದೆ, ಊಹೂಂ. ಕೊನೆಗೆ ಡೀಸೆಲ್ ಪಂಪಿನ ಸಾಲಿನಾಯ್ಡ್ (ಕರೆಂಟ್ ಇದ್ದರೆ ಮಾತ್ರ ಡೀಸೆಲ್ ಬಿಡುವ ವಾಲ್ವ್) ಮೇಲೆ ಬೆರಳಿಟ್ಟು ಬಟನ್ ಒತ್ತಿಸಿದೆ. ಇಗ್ನಿಷನ್ ಬಂದಾಗ ಟಿಕ್ ಅಂತು, ಸೆಲ್ಫ್ ಹೊಡೆಯುವಾಗ ಮತ್ತೆ ಟಿಕ್. ಅಂದರೆ ಸೆಲ್ಫ್ ಹೊಡೆಯುವಷ್ಟು ಹೊತ್ತು ಕರೆಂಟ್ ಕಟ್, ಡೀಸೆಲ್ ಬಂದ್! ಎಸಿ, ಬ್ಲೋವರ್‌ಗೆ ಹೋಗುವ ಎರಡನೇ ಇಗ್ನಿಷನ್ ಲೈನನ್ನು ಕಿಟ್ ಆಗ ಕತ್ತರಿಸುತ್ತದೆ. ಸಾಲಿನಾಯ್ಡ್ ಅದರಲ್ಲಿತ್ತು. ಆಗಲೂ ಕಟ್ ಆಗದ ಒಂದನೇ ಲೈನಿಗೆ ಬದಲಿಸಿದೆ, ಎಂಜಿನ್ ಹಿಡಿಯಿತು. ಡೀಸೆಲ್ ಗಾಡಿಗೆ ಆಗಲ್ಲ ಅನ್ನುವವರಲ್ಲಿ ಎಷ್ಟೋ ಜನ ಇಲ್ಲೇ ಕೈ ಬಿಟ್ಟಿರುತ್ತಾರೆ ಅನ್ನೋದು ನನ್ನ ಅಂದಾಜು.

ಇನ್ನು ಹೀಟರ್ ಸಮಸ್ಯೆ. ಅದು ಬಿಸಿಯಾಗುವ ತನಕ ಸೆಲ್ಫ್ ತಡೆಯಲು ಸ್ಟಾರ್ಟರ್ ವೈರಿಗೆ ಟೈಮರ್ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಹಾಕಿ ನೋಡಿದೆ, ಉಪಯೋಗವಿಲ್ಲ. ರಿಲೇ ಎಣಿಸಿ ಮುಗಿಸುವ ಹೊತ್ತಿಗೆ ಕಿಟ್ ತನ್ನ ಸ್ಟಾರ್ಟ್ ಸಿಗ್ನಲ್ ನಿಲ್ಲಿಸಿರುತ್ತದೆ. ಆಮೇಲೆ ಹೊಳೆಯಿತು: ಸ್ಟಾರ್ಟರ್ ವೈರ್ ಮುಟ್ಟುವುದೇ ಬೇಡ, ಬ್ರೇಕ್ ಒತ್ತಿದ್ದು ಗೊತ್ತಾಗದೆ ಕಿಟ್ ಸೆಲ್ಫ್ ಹೊಡೆಯಲ್ಲ, ಆ ಬ್ರೇಕ್ ವೈರನ್ನೇ ತಡೆದರೆ ಸಾಕು ಅಲ್ವಾ? ಗೇರ್ ಗಾಡಿ ಆದ್ದರಿಂದ ಗುಜರಿಯ ಒಂದು ಬ್ರೇಕ್ ಸ್ವಿಚ್ ತಂದು ಕ್ಲಚ್ ಪೆಡಲ್‌ಗೆ ಕೂರಿಸಿದೆ. ಕಿಟ್‌ನ ಬ್ರೇಕ್ ವೈರಿಗೆ ಅದರ ಸಿಗ್ನಲ್. ಮಧ್ಯೆ ಐದು ಪಿನ್ನಿನ ಎರಡು ರಿಲೇ. ಇಗ್ನಿಷನ್ ಬರುವ ತನಕ ಒಂದು ತಡೆಯುತ್ತದೆ. ಹೀಟರ್ ಲೈಟ್ ಉರಿಯುವಷ್ಟು ಹೊತ್ತು ಇನ್ನೊಂದು. ಅದಕ್ಕೆ 87ಎ ಪಿನ್ (ರಿಲೇಗೆ ಕರೆಂಟ್ ಬಂದಾಗ ಕಟ್ ಆಗುವ ಪಿನ್) ಬಳಸಬೇಕು. ಈಗ ಯಾರು ಹೇಗೇ ಒತ್ತಲಿ, ಮೊದಲು ಎಸಿಸಿ, ಮತ್ತೆ ಒತ್ತಿದರೆ ಇಗ್ನಿಷನ್. ಲೈಟ್ ಆರಿದ ಮೇಲೆ ಕ್ಲಚ್ ತುಳಿದು ಒತ್ತಿದರೆ ಮಾತ್ರ ಸೆಲ್ಫ್. ನಮ್ಮಮ್ಮನೂ ಆರಾಮಾಗಿ ಸ್ಟಾರ್ಟ್ ಮಾಡುತ್ತಾರೆ. ಲೈಟಿನ ವೈರನ್ನು ಎಲ್ಲಿಂದ ತೆಗೆದೆ ಅನ್ನೋದು ನನ್ನ ಹತ್ತಿರವೇ ಇರಲಿ, ಮೀಟರ್ ಇದ್ದವರಿಗೆ ಅರ್ಧ ಗಂಟೆಯ ಕೆಲಸ.

ರಿಲೇ, ವೈರ್, ಫ್ಯೂಸ್, ಸ್ಲೀವ್ ಸೇರಿ 700 ಆಗಿರಬಹುದು. ದಂಡ ಬಿದ್ದದ್ದೂ ಸೇರಿಸಿದರೆ 7,500. ಅಂಗಡಿಯವರು ಪೆಟ್ರೋಲ್ ಗಾಡಿಗೇ 14,000 ಕೇಳಿದ್ದರು!

ನಡುವೆ ಕಿಟ್‌ನ ರಿಮೋಟ್ (ಹತ್ತಿರ ಇದ್ದರೆ ಕಾರು ತಾನೇ ಗುರುತಿಸುವಂಥದ್ದು) ಮೇಲೂ ಒಂದಿಷ್ಟು ಪ್ರಯೋಗ ಮಾಡಿದೆ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಕಾರು ಅದನ್ನು ಗುರುತಿಸಲೇ ಇಲ್ಲ. ಮುಚ್ಚಳ ಸ್ವಲ್ಪ ಸಡಿಲವಾದರೆ ಗುರುತಿಸುತ್ತದೆ. ರಾತ್ರಿ ರಿಮೋಟ್ ಈಗ ಆ ಡಬ್ಬಿಯಲ್ಲೇ. ರಿಮೋಟಿಗೆ ಹಾಕುವ ಸಿಆರ್2032 ಸೆಲ್ ಒಂದು ಯಾವಾಗಲೂ ಪರ್ಸಿನಲ್ಲಿರುತ್ತದೆ.

ಸ್ಟೇರಿಂಗ್ ಲಾಕ್ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಕೀ ಇಲ್ಲದೆ ಓಡಿಸುವಾಗ ಲಾಕ್ ಬಿದ್ದರೆ ಜೀವಕ್ಕೇ ಕುತ್ತು. ನಾನು ಲಾಕ್ ಪಿನ್ನನ್ನೇ ತೆಗೆಸಿ, ಬದಲಿಗೆ ಗೇರ್ ಲಾಕ್ ಹಾಕಿಸಿದೆ. ಅದಕ್ಕೆ ಇನ್ನೊಂದು 1,200.