ಫ್ರಾಂಕ್‌ಫರ್ಟ್‌ನಿಂದ ಲಂಡನ್ನಿಗೆ: ಹೊಸಬರಿಗೆ ಮಾರ್ಗದರ್ಶಿ

ಫ್ರಾಂಕ್‌ಫರ್ಟ್‌ಗೆ ಬಂದು ಮನೆ ಹೂಡಿದ ಕುಟುಂಬಗಳು ನಮ್ಮ ಸಂಘದಲ್ಲಿ ತಪ್ಪದೆ ಕೇಳುವ ಮಾತಿದು: "ಲಂಡನ್ನಿನಲ್ಲಿ ಅಕ್ಕ ಇದ್ದಾರೆ, ಶನಿವಾರ ಭಾನುವಾರ ಹೋಗಿ ಬರಬಹುದೇ?" ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 650 ಕಿ.ಮೀ. ಟಿಕೆಟ್ಟಿನ ಪ್ರಕಾರ ಒಂದು ಗಂಟೆ ನಲವತ್ತು ನಿಮಿಷದ ಆಸುಪಾಸು. ಬೆಂಗಳೂರಿನಿಂದ ಬೀದರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರಿಗೆ ಇದು ಪಕ್ಕದ ಊರೆನಿಸುತ್ತದೆ. ಆದರೆ ಮೊದಲು ನೋಡಬೇಕಾದದ್ದು ದೂರವನ್ನಲ್ಲ, ವೀಸಾವನ್ನು.

ವೀಸಾ

ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಮತ್ತು ಪಾಸ್‌ಪೋರ್ಟ್ ಹಿಡಿದು ಪ್ಯಾರಿಸ್, ವಿಯೆನ್ನಾ, ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಬರಬಹುದು. ಲಂಡನ್ನಿಗೆ ಆಗದು. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗಲೂ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾ ನಡೆಯುವ ದೇಶಗಳ ಗುಂಪಿನಲ್ಲಿ, ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರೆಲ್ಲರಿಗೂ ಬ್ರಿಟನ್ನಿನ ವೀಸಾ ಬೇಕು. ಇಲ್ಲೇ ಹುಟ್ಟಿದ ಕೂಸಿನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್ ಆದರೆ ಅದಕ್ಕೂ ಬೇಕು. ಕಚೇರಿಯ ಜರ್ಮನ್ ಸಹೋದ್ಯೋಗಿ ಮೊಬೈಲಿನಲ್ಲೇ ಅನುಮತಿ ಪಡೆದರೆಂದು ನೀವೂ ಹಾಗೇ ಹೊರಡಬೇಡಿ, ಆ ಸೌಲಭ್ಯ ನಮಗಿಲ್ಲ. ಬೆರಳಚ್ಚು ಕೊಟ್ಟ ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ನಮ್ಮವರದೇ ಒಂದು ಕುಟುಂಬವನ್ನು ಚೆಕ್‌ಇನ್ ಕೌಂಟರಿನಲ್ಲೇ ತಡೆದರು. ಅಕ್ಕನ ಮಕ್ಕಳಿಗೆಂದು ಕರಿದಿದ್ದ ಕೋಡುಬಳೆ ಡಬ್ಬಿ ಹೊತ್ತು, ಅಳುವ ಮಗುವನ್ನು ಎತ್ತಿಕೊಂಡು ಮನೆಗೆ ಮರಳಿದರು. ಟಿಕೆಟ್ಟಿನ ಹಣವೂ ಹೋಯಿತು. ಸಂಘದಲ್ಲಿ ಇಷ್ಟು ಜನ ಇದ್ದೇವೆ, ಟಿಕೆಟ್ ಕೊಳ್ಳುವ ಮೊದಲು ಒಂದು ಮಾತು ಕೇಳಿ.

ಗಡಿಯಾರ

ಲಂಡನ್ ಒಂದು ಗಂಟೆ ಹಿಂದಿದೆ. ಬೆಳಿಗ್ಗೆ 8ಕ್ಕೆ ಹೊರಟರೆ ಅಲ್ಲಿನ 8.40ಕ್ಕೆ ಇಳಿಯುತ್ತೀರಿ, ಬರುವಾಗ ಮಧ್ಯಾಹ್ನ 2ಕ್ಕೆ ಹೊರಟರೆ ಇಲ್ಲಿ 4.40. ಗಾಳಿಯಲ್ಲಿರುವುದು ಒಂದು ಗಂಟೆಗಿಂತ ತುಸು ಹೆಚ್ಚು. ಉಳಿದದ್ದು ರನ್‌ವೇ ತಲುಪುವುದಕ್ಕೆ, ಹೀಥ್ರೋ ಮೇಲೆ ಸುತ್ತು ಹಾಕುವುದಕ್ಕೆ. ಪಾಸ್‌ಪೋರ್ಟ್ ತಪಾಸಣೆಯ ಸಾಲು, ನಗರಕ್ಕೆ ಪಿಕ್ಯಾಡಿಲಿ ಮಾರ್ಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಇವನ್ನೆಲ್ಲ ಕೂಡಿಸಿದರೆ ಮನೆಯಿಂದ ಮನೆಗೆ ಅರ್ಧ ದಿನ ಬೇಕು.

ಅಗ್ಗದ ಟಿಕೆಟ್

ಅಗ್ಗದ ಟಿಕೆಟ್ಟಿನಲ್ಲಿ ಹಾನ್ ವಿಮಾನ ನಿಲ್ದಾಣದ ಹೆಸರಿನ ಮುಂದೆ ಫ್ರಾಂಕ್‌ಫರ್ಟ್ ಎಂದು ಕಂಡರೆ ನಂಬಬೇಡಿ. ಅದು ನಗರದಿಂದ ಸುಮಾರು 120 ಕಿ.ಮೀ. ಆಚೆಗಿದೆ, ರೈಲಿಲ್ಲ, ಬಸ್ಸೇ ಗತಿ. ಆ ಕಡೆಯ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣ ಕೂಡ ಲಂಡನ್ನಿನಿಂದ ದೂರ.

ವಿಳಂಬವಾದರೆ

ಫ್ರಾಂಕ್‌ಫರ್ಟ್‌ನಿಂದ ಹೊರಟ ವಿಮಾನ ಕಂಪನಿಯ ತಪ್ಪಿನಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, 1500 ಕಿ.ಮೀ. ಒಳಗಿನ ಪ್ರಯಾಣಕ್ಕೆ ತಲಾ 250 ಯೂರೋ ಪರಿಹಾರವಿದೆ. ಎರಡು ಗಂಟೆ ತಡವಾದರೇ ಊಟ ತಿಂಡಿ ಕೊಡಬೇಕು. ಸಂಕೋಚಪಟ್ಟು ಸುಮ್ಮನಿರುವುದು ನಮ್ಮವರ ಹಳೆಯ ಚಾಳಿ. ಅದನ್ನು ಬಿಟ್ಟು ಬರವಣಿಗೆಯಲ್ಲಿ ಕೇಳಿ.

ಇನ್ನುಳಿದವು

- ಬರುವಾಗ ಲಂಡನ್ನಿನ ಅಂಗಡಿಯ ತುಪ್ಪ, ಪನೀರ್ ತರಬೇಡಿ. ಹಾಲಿನ ಪದಾರ್ಥಕ್ಕೆ ನಿಷೇಧವಿದೆ.
- ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಚಟ್ನಿಪುಡಿಗೆ ತೊಂದರೆಯಿಲ್ಲ.
- ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.