ಸತ್ತ ಸಸಿಗಳ ಪುಟ

ಪ್ರೌಢಶಾಲೆಯ ಮಕ್ಕಳಿಗೆ ಕೃಷಿ ಕಲಿಸಲು ಹೊರಟ ಮೊದಲ ವರ್ಷ ನಾನು ಮಾಡಿದ್ದು ಬರೀ ತೋರಿಕೆ. ಪಾತಿ ಮಾಡಿಸಿದ್ದು ನಾನು, ಸಸಿ ತಂದದ್ದೂ ನಾನು. ಮಕ್ಕಳು ನೀರು ಹಾಕಿ ಫೋಟೊ ತೆಗೆಸಿಕೊಂಡರು, ಅಷ್ಟೇ. ಯಾರ ಉಗುರಿಗೂ ಮಣ್ಣು ಹತ್ತಲಿಲ್ಲ.

ಎರಡನೇ ವರ್ಷ ಬೀಜದಿಂದಲೇ ಶುರು ಮಾಡಿದೆವು. ನೂರು ಟೊಮೆಟೊ ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಹತ್ತನೇ ದಿನಕ್ಕೆ ಮೊಳೆತದ್ದು 64. 'ಇನ್ನೂರು ಸಸಿ ಬೇಕೆಂದರೆ ಎಷ್ಟು ಬೀಜ ಬಿತ್ತಬೇಕು?' ಎಂದೆ. ಶೇಕಡಾವಾರು ಅಂದರೆ ಮುಖ ಸಿಂಡರಿಸುತ್ತಿದ್ದ ಹುಡುಗನೇ ಎಲ್ಲರಿಗಿಂತ ಮೊದಲು '313' ಅಂದ.

ಬೀಜ ಬಿತ್ತಿದ ಟ್ರೇಗಳನ್ನು ನಾಲ್ಕು ಗುಂಪಿಗೆ ಹಂಚಿದೆ. ಒಂದು ಗುಂಪಿಗೆ ಅಕ್ಕರೆ ಜಾಸ್ತಿಯಾಯಿತು. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಮನೆಗೆ ಹೋಗುವಾಗ ಮತ್ತೊಮ್ಮೆ. ಟ್ರೇ ಮೇಲೆ ಪಾಚಿ ಕಟ್ಟತೊಡಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬೇಕೆಂದೇ ಸುಮ್ಮನಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ಸಾಲುಸಾಲಾಗಿ ಮಗುಚಿಕೊಂಡಿದ್ದವು. ಬುಡಕೊಳೆ. ಒಬ್ಬಳು ಅತ್ತೇಬಿಟ್ಟಳು. ನಾನು ಸುಮ್ಮನಿದ್ದದ್ದು ಸರಿಯೇ ಎಂಬ ಅಳುಕು ಇವತ್ತಿಗೂ ಇದೆ.

ಪಾಠ ಶುರುವಾದದ್ದು ಆಮೇಲೆ. ಯಾಕೆ ಸತ್ತವು ಎಂದು ಅವರೇ ಹುಡುಕಿದರು: ಒತ್ತೊತ್ತಾಗಿ ಬಿತ್ತಿದ್ದರು, ರಾತ್ರಿಯಿಡೀ ಎಲೆ ಒದ್ದೆ ಇತ್ತು, ಹಳೆಯ ಟ್ರೇ ತೊಳೆಯದೆ ಬಳಸಿದ್ದರು. ಆ ದಿನದಿಂದ ಲೆಕ್ಕದ ಪುಸ್ತಕದಲ್ಲಿ 'ಸತ್ತದ್ದು, ಕಾರಣ' ಎಂಬ ಅಂಕಣ ಸೇರಿತು. ಪಕ್ಕದಲ್ಲಿ 'ಯಾರು, ಎಷ್ಟು ಹೊತ್ತು' ಎಂಬುದನ್ನೂ ಬರೆಸಿದೆ. ಫಸಲು ಮಾರಿ ಲಾಭ ಎಂದು ಕುಣಿದಾಡಿದವರು ತಮ್ಮ ದುಡಿಮೆಯ ಗಂಟೆಗಳಿಗೆ ಕೂಲಿ ಹಾಕಿ ನೋಡಿ ತೆಪ್ಪಗಾದರು.

ಎಲ್ಲರೂ ಬೇಸಾಯಗಾರರಾಗಲಿ ಎಂಬ ಹಟ ನನಗಿಲ್ಲ. ಗಿಡಗಳತ್ತ ತಿರುಗಿಯೂ ನೋಡದ ಒಬ್ಬನಿಗೆ ಸಿಂಪಡಣೆ ಯಂತ್ರ ಕೊಟ್ಟೆ. ಬರೀ ನೀರು ತುಂಬಿ, ಅಳತೆ ಮಾಡಿದ ಜಾಗದಲ್ಲಿ ಒಂದೇ ವೇಗದಲ್ಲಿ ನಡೆದು ಸಿಂಪಡಿಸಿ, ಎಷ್ಟು ನೀರು ಖರ್ಚಾಯಿತು ಎಂದು ಅಳೆಯುವುದು ಕೆಲಸ. ಪ್ರತಿಸಲವೂ ಇರಬೇಕಾದ್ದಕ್ಕಿಂತ ಹೆಚ್ಚು ನೀರು ಖರ್ಚಾಯಿತು. ನಳಿಕೆ ಬಿಚ್ಚಿ, ಸವೆದಿದೆ ಎಂದು ಅವನೇ ಕಂಡುಹಿಡಿದ.

ಅತ್ತಿದ್ದ ಹುಡುಗಿ ಓದು ಮುಗಿಸಿ ಒಂದು ನರ್ಸರಿಗೆ ಕೆಲಸ ಕೇಳಿಕೊಂಡು ಹೋದಳು. 'ನಿನಗೆ ಏನು ಬರುತ್ತೆ?' ಎಂದಾಗ ಅಂಕಪಟ್ಟಿಯ ಬದಲು ಲೆಕ್ಕದ ಪುಸ್ತಕದಲ್ಲಿ ಸತ್ತ ಸಸಿಗಳ ಪುಟ ತೆರೆದು ಕೊಟ್ಟಳಂತೆ. ಮೊದಲ ದಿನ ಅವಳ ಪಾಲಿಗೆ ಬಂದ ಕೆಲಸ, ಟ್ರೇ ತೊಳೆಯುವುದು.